ಅರೆದ ಬೆಳಕು

ವಿಧವೆಯ ಕೈ ತಾಗಿದರೆ ಬೆಳಕೂ ಆರಿಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ನಂಬಿದ್ದರು. ಬರೀ ನಂಬಿಕೆಯಾಗಿದ್ದರೆ ನಾನು ಈ ವಯಸ್ಸಿನವರೆಗೆ ಸಿಟ್ಟು ಹೊತ್ತು ತಿರುಗುತ್ತಿರಲಿಲ್ಲ. ಮೂರ್ಖ ನಂಬಿಕೆಗಳು ಯಾರ ಮನೆಯಲ್ಲಿಲ್ಲ? ನಮ್ಮಲ್ಲಿ ಅದಕ್ಕೆ ಪ್ರೂಫ್ ಇತ್ತು. ಮರದಲ್ಲಿ ಕಡೆದ ಎರಡು ಡಜನ್ ಮೀನುಗಳು. ನೀಲತ್ತೆ ಬಣ್ಣ ಕಲಸಿದ ಮೊದಲ ಡಜನ್ ಕತ್ತಲಲ್ಲಿ ಬೆಳಗಲಿಲ್ಲ. ಬೇರೆಯವರು ಕಲಸಿದ ಎರಡನೆಯ ಡಜನ್ ಬೆಳಗಿತು. ಅದೇ ಡಬ್ಬಿ, ಅದೇ ಪುಡಿ, ಅದೇ ಅರಗು. ಕೈ ಮಾತ್ರ ಬೇರೆ. ಕಾನ್ವೆಂಟ್‌ನಲ್ಲಿ ಸೈನ್ಸ್ ಸಿಸ್ಟರ್ ಹೇಳಿಕೊಟ್ಟಿದ್ದ ಎಕ್ಸ್‌ಪೆರಿಮೆಂಟಿನ ಎಲ್ಲ ಲಕ್ಷಣಗಳೂ ಅದರಲ್ಲಿದ್ದವು. ಆ ಪ್ರೂಫನ್ನು ಮುಂದಿಟ್ಟುಕೊಂಡು ನಮ್ಮವರು ಒಬ್ಬ ಹೆಂಗಸಿನ ಕೈಯಿಂದ ಅವಳ ಕೆಲಸ ಕಿತ್ತುಕೊಂಡರು. ಅದು ಸುಳ್ಳೆಂದು ಹೇಳಬೇಕಾಗಿದ್ದವರು ಆ ಮನೆಯಲ್ಲಿ ಇಬ್ಬರಿದ್ದರು. ಇಬ್ಬರೂ ಬಾಯಿ ಬಿಡಲಿಲ್ಲ.

ಚನ್ನಪಟ್ಟಣದ ನಮ್ಮ ಮನೆ ಒಂದರ ಹಿಂದೊಂದು ಕೋಣೆ ಪೋಣಿಸಿಕೊಂಡು ಉದ್ದಕ್ಕೆ ಹೋಗುತ್ತಿತ್ತು. ಬೀದಿಗೆ ಜಗಲಿ, ಆಮೇಲೆ ಪಡಸಾಲೆ, ದೇವರ ಕೋಣೆ, ಕಿಟಕಿಯೇ ಇಲ್ಲದ ಕತ್ತಲೆ ಕೋಣೆ, ಅಡುಗೆಮನೆ, ಹಿತ್ತಿಲು. ಹಿತ್ತಿಲ ಕೊನೆಯಲ್ಲಿ ಅಪ್ಪಾಜಿಯ ಬೊಂಬೆ ಶೆಡ್ಡು. ಒಳಗೋಡೆಗಳು ಹೆಂಚಿನವರೆಗೆ ಏರಿರಲಿಲ್ಲ, ಆಳೆತ್ತರಕ್ಕೆ ಬಂದು ನಿಂತುಬಿಟ್ಟಿದ್ದವು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ದೇವರ ಕೋಣೆಯಲ್ಲಿ ಕೆಮ್ಮು ಬರುತ್ತಿತ್ತು. ಪಡಸಾಲೆಯಲ್ಲಿ ಗುಟ್ಟು ಆಡಿದರೆ ಒಲೆಯ ಮುಂದಿನಿಂದ ಉತ್ತರ ಬರುತ್ತಿತ್ತು. ನಾನು ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದವಳು, ಬೇಸಿಗೆ ರಜೆಗೆ ಮಾತ್ರ ಮನೆಯ ಮಗಳು. ಜಟಕಾ ನಮ್ಮ ಬೀದಿಗೆ ತಿರುಗುತ್ತಿದ್ದಂತೆ ಬಿಸಿ ಅರಗಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸಿಸ್ಟರ್‌ಗಳ ಚಾಪೆಲಿನ ಮೇಣದ ವಾಸನೆ ಮರೆಯಲು ಅಷ್ಟು ಸಾಕಾಗುತ್ತಿತ್ತು ನನಗೆ. ನನ್ನನ್ನು ಅಲ್ಲಿ ಓದಿಸುವುದು ಅಪ್ಪಾಜಿಯ ಹಟ. ಅಜ್ಜಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು.

“ಇಸ್ಕೂಲು ಇಲ್ಲಿಲ್ವಾ? ಒಂದಿನ ಲಿಂಗ ಬಿಚ್ಚಾಕಿ ಶಿಲುಬೆ ನೇತಾಕ್ಕಂಡ್ ಬತ್ತಾಳೆ, ನೋಡ್ತಾ ಇರು,” ಎಂದು ಪ್ರತಿ ಜೂನ್ ತಿಂಗಳೂ ಅಪ್ಪಾಜಿಗೆ ಹೇಳುತ್ತಿದ್ದಳು.

ನೀಲತ್ತೆ ಅಪ್ಪಾಜಿಯ ತಂಗಿ. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ಮಾಗಡಿಯ ಬಸ್ಸಿನಿಂದ ಒಂದು ಟ್ರಂಕಿನ ಜೊತೆ ಇಳಿದವಳು. ಹಬ್ಬದ ದಿನ ಅವಳು ದೇವರ ಕೋಣೆಯ ಬಾಗಿಲಿಂದ ಈಚೆ ನಿಲ್ಲಬೇಕು, ಹೊಸ ಸೀರೆ ಉಟ್ಟವರಿಗೆ ಎದುರು ಬರಬಾರದು. ಕೊರಳಲ್ಲಿ ಲಿಂಗ ಇರುವವರಿಗೆ ಸೂತಕವೇ ಇಲ್ಲ ಎಂದು ಮಠದ ಅಯ್ಯನವರು ಹೇಳಿದಾಗ ಅಜ್ಜಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಅವರು ಹೊಸಿಲು ದಾಟಿದ ಮೇಲೆ ಹೆತ್ತ ಮಗಳಿಗೆ “ಈಚೆ ನಿಂತ್ಕೊ” ಎನ್ನುತ್ತಿದ್ದಳು. ಆದರೆ ಹಿತ್ತಿಲ ಜಗಲಿಯಲ್ಲಿ, ಇದ್ದಿಲ ಒಲೆಯ ಮುಂದೆ, ನೀಲತ್ತೆಯೇ ಯಜಮಾನಿ. ಬೊಂಬೆಗಳಿಗೆ ಹಚ್ಚುವ ಬಣ್ಣದ ಅರಗನ್ನು ಅವಳೇ ಮಾಡುತ್ತಿದ್ದುದು. ಬಣ್ಣದ ಪುಡಿಯನ್ನು ಅರೆಯುವ ಕಲ್ಲಿನ ಮೇಲೆ ಹಾಕಿ ಅರೆದೂ ಅರೆದೂ, ಕೆನ್ನೆಗೆ ಸವರಿದರೆ ಒಂದು ತರಿಯೂ ತಗಲಬಾರದು, ಅಷ್ಟು ನಯ ಮಾಡಬೇಕು. ಆಮೇಲೆ ಕೆಂಡದ ಮೇಲೆ ಮೆತ್ತಗಾದ ಅರಗಿಗೆ ಅದನ್ನು ಸೇರಿಸಿ, ಎಳೆದು, ಮಡಚಿ, ಮತ್ತೆ ಎಳೆದು, ಬೆರಳು ಸುಟ್ಟುಕೊಳ್ಳುತ್ತಲೇ ಕಡ್ಡಿ ಹೊಸೆಯಬೇಕು. ಲೇತಿನ ಮೇಲೆ ತಿರುಗುವ ಆಲೆ ಮರದ ಬೊಂಬೆಗೆ ಆ ಕಡ್ಡಿ ಒತ್ತಿದರೆ, ತಿರುಗುವ ಬಿಸಿಗೇ ಕರಗಿ ಬಣ್ಣ ಕೂರುತ್ತದೆ. ತರಿ ಉಳಿದಿದ್ದರೆ ಬೊಂಬೆಯ ಮೈತುಂಬ ಗೀರು. ಲೇತಿನ ಮೇಸ್ತ್ರಿ ಗಫಾರ್ ಸಾಬರು ಅವಳ ಕಡ್ಡಿಗಳಿಗಾಗಿ ಬೆಳಗಿನಿಂದ ಕಾದು ಕೂರುತ್ತಿದ್ದರು.

“ನೀಲಮ್ಮೋರ ಕಡ್ಡಿ ಇಲ್ದೆ ಹೋದ್ರೆ ನನ್ನ ಬುಗುರಿಗಳೆಲ್ಲ ನನ್ನ ತಲೆ ಇದ್ದಂಗೆ, ಬೋಳು,” ಎನ್ನುತ್ತಿದ್ದರು ಟೋಪಿ ತೆಗೆದು ತಲೆ ತೋರಿಸಿ. ನೀಲತ್ತೆ ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಅವಳು ನಗುತ್ತಿದ್ದ ಜಾಗ ಅದೊಂದೇ.

ನನಗೆ ಹನ್ನೊಂದೋ ಹನ್ನೆರಡೋ ಆಗಿದ್ದ ಆ ಬೇಸಿಗೆಯಲ್ಲಿ ಒಬ್ಬ ಮಿಲಿಟರಿ ಸಾಹೇಬರು ಜೀಪಿನಲ್ಲಿ ಬಂದರು. ರಿಟೈರ್ ಆದವರು. ಕನಕಪುರದಾಚೆ ಸಂಗಮದಲ್ಲಿ ಟೆಂಟ್ ಹಾಕಿಕೊಂಡು ಕಾವೇರಿಯಲ್ಲಿ ದೊಡ್ಡ ದೊಡ್ಡ ಮೀನು ಹಿಡಿಯುವುದು ಅವರ ಹುಚ್ಚು. ಸಂಜೆ ಕತ್ತಲಾಗುವ ಹೊತ್ತಿಗೆ ಮೀನು ಮೇಲೆದ್ದು ಬೇಟೆಯಾಡುತ್ತದಂತೆ. ಆಗ ನೀರಿನಲ್ಲಿ ಹೊಳೆಯುವ ಪುಟ್ಟ ಮರದ ಮೀನನ್ನು ದಾರಕ್ಕೆ ಕಟ್ಟಿ ಎಳೆದರೆ, ನಿಜವಾದ ಮರಿಮೀನೆಂದು ಬಂದು ಕಚ್ಚುತ್ತದಂತೆ. ಅದಕ್ಕೆ ಅವರು ‘ಲ್ಯೂರ್’ ಎನ್ನುತ್ತಿದ್ದರು, ನಮ್ಮ ಶೆಡ್ಡಿನಲ್ಲಿ ಅದು ‘ಹುಸಿಮೀನು’ ಆಯಿತು. ಮೀನುಗಳನ್ನು ಗಫಾರ್ ಸಾಬರು ಕಡೆಯಬೇಕು, ಬಣ್ಣ ನಾವು ಹಾಕಬೇಕು. ಬಣ್ಣಕ್ಕೆಂದು ಸಾಹೇಬರೇ ಒಂದು ಫಾರಿನ್ ಡಬ್ಬಿ ತಂದಿದ್ದರು. ಅದರೊಳಗೆ ಹಸಿರು ಛಾಯೆಯ ಬಿಳಿ ಪುಡಿ. ಬಿಸಿಲು ಕುಡಿಸಿದರೆ ಕತ್ತಲಲ್ಲಿ ತಾನೇ ಬೆಳಗುತ್ತದೆ. ರೇಡಿಯಂ ಎಂದರು ಎಲ್ಲರೂ. ಆಗ ಬೆಳಗುವುದೆಲ್ಲ ರೇಡಿಯಮ್ಮೇ.

ಮನೆಯಲ್ಲಿ ರಂಪವಾಯಿತು. ಮೊಟ್ಟೆಯ ಹೆಸರೆತ್ತಿದರೆ ಬಾಯಿ ತೊಳೆಸುವ ಮನೆ ನಮ್ಮದು.

“ಎದೆ ಮ್ಯಾಲೆ ಲಿಂಗ ಕಟ್ಕಂಡು ಮೀನ್ ಸಾಯ್ಸೋ ಕೆಲ್ಸ ಮಾಡೀಯೇನ್ಲಾ?” ಅಜ್ಜಿ ಊಟದ ಮುಂದೆ ಕೂತಿದ್ದ ಅಪ್ಪಾಜಿಯನ್ನು ಕೇಳಿದಳು.

“ಅವ್ವಾ, ನಾವ್ ಮಾಡೋದು ಬೊಂಬೆ. ಗಾಳ ಸಿಕ್ಕಿಸ್ಕಳದು ಅವ್ರ ಪಾಪ. ಗಾಳ ನಮ್ ಹೊಸ್ಲು ದಾಟಾಕಿಲ್ಲ.”

“ಪಾಪಕ್ಕೆ ಹೊಸ್ಲು ಕಾಣ್ತದಾ?”

ಅಮ್ಮ ಮುದ್ದೆಯ ಮೇಲೆ ಸಾರು ಬಡಿಸಿ ಒಳಗೆ ಹೋದಳು. ಅಮ್ಮ ಯಾವ ಜಗಳದಲ್ಲೂ ಒಲೆಯ ಪಕ್ಷ. ಅಪ್ಪಾಜಿ ಸೋಲಲಿಲ್ಲ, ಬೊಂಬೆಗೆ ಗಿರಾಕಿ ಕಮ್ಮಿಯಾಗುತ್ತಿದ್ದ ಕಾಲ, ಸಾಹೇಬರ ಸ್ನೇಹಿತರೆಲ್ಲ ತಮ್ಮಲ್ಲಿಗೇ ಬರುತ್ತಾರೆಂದು ಅವರ ಆಸೆ. ಅಜ್ಜಿಯೂ ಸೋಲಲಿಲ್ಲ. ಏನಾದರೂ ಕೆಡಲಿ ಎಂದು ಕಾಯುತ್ತ ಕೂತಳು. ಇದನ್ನು ಬರೆಯುವಾಗ ಅಯ್ಯೋ, ಅಜ್ಜಿಯಲ್ಲವೇ ಎನ್ನಿಸುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಅದು ನಿಜ.

ಡಬ್ಬಿಯ ಮೇಲಿದ್ದದ್ದು ಇಂಗ್ಲಿಷು. ಸಾಹೇಬರು ಡಬ್ಬಿ ಕೊಟ್ಟು ಜೀಪು ಹತ್ತಿ ಹೋಗಿದ್ದರು. ಅಪ್ಪಾಜಿ ನನ್ನನ್ನು ಪಡಸಾಲೆಗೆ ಕರೆದು, ಗಫಾರ್ ಸಾಬರು, ನೀಲತ್ತೆ, ಅಜ್ಜಿ, ಪಕ್ಕದ ಮನೆಯವರು ಎಲ್ಲರ ಎದುರಿಗೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ತಮ್ಮ ಹಟ ಸಾರ್ಥಕವಾದ ದಿನ ಅವರಿಗೆ. ನಾನು ಎಲೊಕ್ಯೂಶನ್ ಕಾಂಪಿಟಿಶನ್ನಿಗೆ ನಿಂತ ಹಾಗೆ ನೆಟ್ಟಗೆ ನಿಂತು, ದಪ್ಪ ಅಕ್ಷರಗಳನ್ನೆಲ್ಲ ಸಿಸ್ಟರ್‌ಗಳ ಆಕ್ಸೆಂಟಿನಲ್ಲಿ ಓದಿ ಕನ್ನಡಕ್ಕೆ ಹೇಳಿದೆ: ಕತ್ತಲಲ್ಲಿ ಬೆಳಗುತ್ತದೆ, ಬಿಸಿಲಿನಲ್ಲಿ ಇಡಿ, ನೀರು ತಾಗಿಸಬೇಡಿ. ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿದ್ದವು.

“ಅಷ್ಟೇನಾ ಕಂದಾ?” ಎಂದರು ಅಪ್ಪಾಜಿ.

“ಅಷ್ಟೇ ಅಪ್ಪಾಜಿ,” ಎಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಸಾಕಾಗಿತ್ತು ನನಗೆ.

ಆ ಮಧ್ಯಾಹ್ನ ನೀಲತ್ತೆ ಒಂದು ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ಹಾಕಿ ಬಿಸಿಲಿಗೆ ಹಿಡಿದು, ನನ್ನನ್ನು ಎಳೆದುಕೊಂಡು ಕತ್ತಲೆ ಕೋಣೆಗೆ ಹೋದಳು. ಬಾಗಿಲು ಹಾಕಿ, ಹೆಂಚಿನ ಸಂದಿನಿಂದ ಬೆಳಕು ಬೀಳದ ಮೂಲೆಯಲ್ಲಿ, ರಾಗಿ ಮೂಟೆಗಳ ಹಿಂದೆ ಕೂತೆವು. ಅವಳ ಅಂಗೈ ಹಸಿರಾಗಿ ಬೆಳಗಿತು. ಅರಗು ಸುಟ್ಟ ಕಲೆಗಳು, ಗೆರೆಗಳು, ಎಲ್ಲ ಕಾಣುತ್ತಿದ್ದವು. “ನನ್ ಕೈ ಹಿಂಗೈತಾ ಪುಟ್ಟಿ?” ಎಂದಳು, ಅದು ಬೇರೆ ಯಾರದ್ದೋ ಕೈ ಎನ್ನುವ ಹಾಗೆ. ಆಮೇಲೆ ಎರಡು ದಿನ ಕೂತು ಅರ್ಧ ಡಬ್ಬಿ ಪುಡಿ ಅರೆದಳು. ನೀರು ಹಾಕುವ ಹಾಗಿಲ್ಲ, ಒಣಗೇ ಅರೆಯಬೇಕು. ಹಳದಿಗೂ ನೀಲಿಗೂ ಎಂದೂ ಪಡದಷ್ಟು ಶ್ರಮ ಪಟ್ಟಳು. ಕೆನ್ನೆಗೆ ಸವರಿಕೊಂಡಳು, ನನ್ನ ಕೆನ್ನೆಗೂ ಸವರಿದಳು, ಇನ್ನೂ ಒಸಿ ತರಿ ಐತೆ ಎಂದು ಮತ್ತೆ ಅರೆದಳು. ಭಾನುವಾರ ಸಾಹೇಬರು ಹೇಳಿದ್ದಕ್ಕಿಂತ ಬೇಗ ಬಂದಾಗ ಗಫಾರ್ ಸಾಬರು ಹನ್ನೆರಡನೆಯ ಮೀನಿಗೆ ತಾಳೆಗರಿ ಒತ್ತಿ ಪಾಲಿಶ್ ಕೊಡುತ್ತಿದ್ದರು. ಮೊರದಲ್ಲಿಟ್ಟು ಬಿಸಿಲಿಗೆ ಹಿಡಿದು ಎಲ್ಲರೂ ಕತ್ತಲೆ ಕೋಣೆಗೆ ನುಗ್ಗಿ ಮೂಟೆಗಳ ಹಿಂದಿನ ಮೂಲೆಗೆ ಸೇರಿದೆವು. ಬಾಗಿಲು ಹಾಕಿದರು.

ಕತ್ತಲೆ. ಕತ್ತಲೆ ಎಂದರೆ ಕತ್ತಲೆಯೇ. ಮೊರ ಎಲ್ಲಿದೆ ಎಂದೂ ತಿಳಿಯಲಿಲ್ಲ. ಯಾರದೋ ಉಸಿರು, ಯಾರದೋ ಬಳೆ. ಸಾಹೇಬರು ಗಂಟಲು ಸರಿಮಾಡಿಕೊಂಡರು.

“ನಿಮ್ಮ ಫಿಶ್ ಸತ್ತು ಹೋಗಿದೆ ಕಣ್ರೀ,” ಎಂದು ನಕ್ಕರು. ಅವರಿಗೆ ತಮಾಷೆ. ಇನ್ನರ್ಧ ಡಬ್ಬಿ ಇದೆಯಲ್ಲ, ಇನ್ನೊಮ್ಮೆ ಮಾಡಿ, ಮುಂದಿನ ಭಾನುವಾರ ಬರುತ್ತೇನೆ ಎಂದು ಹೊರಟರು. ಜೀಪಿನ ಸದ್ದು ಬೀದಿ ದಾಟಿದ ಮೇಲೆ ಅಜ್ಜಿ ಶುರುಮಾಡಿದಳು.

“ಪುಡಿ ಡಬ್ಬೀಲಿದ್ದಾಗ ಬೆಳಗ್ತಿತ್ತಾ ಇಲ್ವಾ?”

“ಬೆಳಗ್ತಿತ್ತು ಅವ್ವಾ,” ಎಂದಳು ನೀಲತ್ತೆ. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

“ಆಮ್ಯಾಕೆ ಯಾರ ಕೈಗೆ ಹೋಯ್ತು?”

ಅಜ್ಜಿ ನೀಲತ್ತೆಯ ಕೈಗಳತ್ತ ಬೆರಳು ತೋರಿಸಿದಳು.

“ದೀಪ ಹಚ್ಚಬ್ಯಾಡ ಅಂತ ಸುಮ್ನೆ ಅಂತಿದ್ನಾ ನಾನು? ಬೆಳಕು ಅಂದ್ರೆ ಲಕ್ಷ್ಮಿ. ಕುಂಕುಮ ಇಲ್ದಿರೋ ಕೈಲಿ ನಿಂತದಾ ಲಕ್ಷ್ಮಿ?”

ಹೆತ್ತ ತಾಯಿ ಇದನ್ನು ಮಗಳಿಗೆ ಹೇಳಿದ್ದು. ಅದೇ ಕೈ ಮಾಡಿದ ಬಣ್ಣದ ಬೊಂಬೆ ಮಾರಿಯೇ ಆ ಮನೆಯಲ್ಲಿ ವರ್ಷಗಟ್ಟಲೆ ಒಲೆ ಉರಿದಿತ್ತು. ಆ ಲಕ್ಷ್ಮಿಗೆ ಕುಂಕುಮ ಬೇಡವಾಗಿತ್ತೇನೋ! ಮಾರನೆಯ ದಿನ ಅಯ್ಯನವರನ್ನು ಕರೆಸಿದರು. ಸೂತಕವಿಲ್ಲ ಎನ್ನುತ್ತಿದ್ದ ಅದೇ ಅಯ್ಯನವರು ಶೆಡ್ಡಿಗೆ ವಿಭೂತಿ ಚೆಲ್ಲಿ, ಲೇತಿಗೆ ಹೂವಿಟ್ಟು, ಬಾಳೆಹಣ್ಣು ಸಕ್ಕರೆ ತಿಂದು ಹೋದರು. ನೀಲತ್ತೆಯ ಅರೆಯುವ ಕಲ್ಲನ್ನು ಗಂಜಲ ಹಾಕಿ ತೊಳೆದು ಹಿತ್ತಿಲ ಗೋಡೆಗೆ ಒರಗಿಸಿದರು. ಇದ್ದಿಲ ಒಲೆಯನ್ನು ಶೆಡ್ಡಿನೊಳಕ್ಕೆ ಒಯ್ದರು. ಅಪ್ಪಾಜಿ ತಂಗಿಯ ಮುಖ ನೋಡದೆ, “ನೀಲಾ, ಒಸಿ ದಿನ ನೀನು ಅಡುಗೆಮನೆ ಕಡೆ ನೋಡ್ಕೊ,” ಎಂದರು. “ಆಯ್ತಣ್ಣಯ್ಯ,” ಎಂದು ಅವಳು ಒಳಗೆ ಹೋದಳು. ಬೆರಳ ಸಂದಿಯಲ್ಲಿ ಇನ್ನೂ ಬಣ್ಣವಿತ್ತು.

ಉಳಿದ ಪುಡಿಯನ್ನು ಗಫಾರ್ ಸಾಬರೇ ಕಲಸಿದರು. ಮುಂದಿನ ಭಾನುವಾರ ಮತ್ತೆ ಕತ್ತಲೆ ಕೋಣೆ, ಮತ್ತೆ ಬಾಗಿಲು ಹಾಕಿದ್ದು. ಈ ಸಲ ಹನ್ನೆರಡು ಹಸಿರು ಮೀನುಗಳು ಮೊರದಲ್ಲಿ ತೇಲಿದವು. ಮೈ ತರಿತರಿಯಾಗಿತ್ತು, ಕೈಗೆ ಒರಟಾಗಿತ್ತು; ನೀಲತ್ತೆ ನೋಡಿದ್ದರೆ ಒಂದನ್ನೂ ಹೊರಗೆ ಬಿಡುತ್ತಿರಲಿಲ್ಲ. ಆದರೆ ಬೆಳಗುತ್ತಿದ್ದವು. ಸಾಹೇಬರು “ಬ್ಯೂಟಿಫುಲ್!” ಎಂದು ಕೂಗಿದರು. ಅಜ್ಜಿ ಕೈಮುಗಿದಳು. ಮೀನು ಕೊಲ್ಲುವ ಕೆಲಸದ ಮೇಲಿದ್ದ ಅವಳ ತಕರಾರು ಆ ಕ್ಷಣಕ್ಕೆ ಮಾಯವಾಯಿತು. ಗೆದ್ದವರಿಗೆ ಅಹಿಂಸೆ ಯಾಕೆ? ಹಸಿರು ಬೆಳಕಿನಲ್ಲಿ ನಾನು ಸುತ್ತ ನೋಡಿದೆ. ನೀಲತ್ತೆ ಅಲ್ಲಿರಲಿಲ್ಲ. ಅವಳನ್ನು ಯಾರೂ ಕರೆದಿರಲಿಲ್ಲ.

ಶೆಡ್ಡಿಗೆ ಹೋಗಿ ಗಫಾರ್ ಸಾಬರನ್ನು ಕೇಳಿದೆ, ಅತ್ತೆಗೆ ಆಗದ್ದು ನಿಮಗೆ ಹೇಗಾಯಿತು ಎಂದು. ಅವರಿಗೆ ಗೆದ್ದ ಖುಷಿಯೇ ಇರಲಿಲ್ಲ.

“ಅರೆ, ನಾನೇನ್ ಮಾಡ್ದೆ ಪಾಪಾ? ಅರೆಯೋಕೆ ಯಾರ್ ಕೂತ್ಕೋತಾರೆ ಅಂತ ಹಂಗೇ ಉದುರ್ಸಿ ಕಲಸ್ಬುಟ್ಟೆ. ನೀಲಮ್ಮೋರ ಕೆಲ್ಸದ ಮುಂದೆ ನಂದು ಕೆಲ್ಸಾನೇ ಅಲ್ಲ. ಮುಟ್ಟಿ ನೋಡು, ಗೊಜ್ಜವಲಕ್ಕಿ ಇದ್ದಂಗೈತೆ.”

ಹಂಗೇ ಉದುರಿಸಿ. ಖಾಲಿ ಡಬ್ಬಿಯನ್ನು ಹುಡುಕಿದೆ. ಅಜ್ಜಿ ಅದನ್ನು ತೊಳೆದು ಅಡಿಕೆಚೂರು ತುಂಬಿಟ್ಟಿದ್ದಳು. ಅಡಿಕೆಯನ್ನು ಮೊರಕ್ಕೆ ಸುರಿದು, ಹಿತ್ತಿಲ ಬಿಸಿಲಿಗೆ ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಡು ನಾಟ್ ಗ್ರೈಂಡ್. ಅರೆಯಬೇಡಿ, ಅರೆದರೆ ಹೊಳಪು ಹೋಗುತ್ತದೆ, ಮೆಲ್ಲಗೆ ಕಲಸಿ. ಎರಡು ಸಾಲು. ಓದಲು ಕಷ್ಟದ ಪದ ಒಂದೂ ಇರಲಿಲ್ಲ. ಜಗತ್ತಿನಲ್ಲಿ ಬೇರೆ ಯಾರಾದರೂ ಈ ಪುಡಿಯನ್ನು ಎರಡು ದಿನ ಅರೆಯುತ್ತಿದ್ದರೇ? ಪುಡಿಯೇ ಅಲ್ಲವೇ, ಇನ್ನೇಕೆ ಅರೆಯುವುದು ಎನ್ನುತ್ತಿದ್ದರು. ಬೊಂಬೆಯ ಬಣ್ಣಕ್ಕೆ ಒಂದು ತರಿಯನ್ನೂ ಉಳಿಸದ ನಮ್ಮ ಊರಿನ ಕೈಯೇ ಆಗಬೇಕಿತ್ತು ಆ ಬೆಳಕನ್ನು ಪುಡಿಗುಟ್ಟಲು. ಅವಳ ಕೈಯ ದೋಷವಲ್ಲ, ಕೈಯ ಗುಣ ಅದನ್ನು ಕೆಡಿಸಿದ್ದು. ಕೆಡದಂತೆ ತಡೆಯಬಹುದಾಗಿದ್ದ ಎರಡು ಸಾಲನ್ನು ನುಂಗಿದವಳು ನಾನು.

ಅಪ್ಪಾಜಿ ಕತ್ತಲೆ ಕೋಣೆಯಲ್ಲಿ ಮೂಟೆಗಳನ್ನು ಸರಿಸುತ್ತಿದ್ದರು. ಡಬ್ಬಿ ಕೊಟ್ಟು ಎಲ್ಲ ಹೇಳಿದೆ. ಅಳುತ್ತಿದ್ದೆ. ಅವರು ಡಬ್ಬಿಯನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಓದಲು ಬರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

“ಅವತ್ತು ಓದ್ಲಿಲ್ವಾ ಇದ್ನ?”

“ಸಣ್ಣಕ್ಷರ, ಅಪ್ಪಾಜಿ.”

ಬಾಗಿಲು ಮುಂದಕ್ಕೆ ತಳ್ಳಿ ದನಿ ತಗ್ಗಿಸಿದರು. “ನಿಮ್ಮಜ್ಜಿಗೆ ತಿಳಿದ್ರೆ ಏನಾಯ್ತದೆ ಗೊತ್ತಾ? ಅಷ್ಟು ದೂರ ಕಳ್ಸಿ ಓದ್ಸಿದ್ರೂ ಒಂದ್ ಡಬ್ಬಿ ಓದಾಕ್ ಬರಾಕಿಲ್ಲ ಅಂತಾಳೆ. ಜೂನ್‌ಗೆ ನೀನು ಹಾಸ್ಟೆಲ್‌ಗೆ ಹೋಗಾಕಿಲ್ಲ. ಅಷ್ಟೇಯ.”

“ಮತ್ತೆ ಅತ್ತೆ?”

ಅವರು ಡಬ್ಬಿಯನ್ನು ಮೂಟೆಯ ಸಂದಿಗೆ ತುರುಕಿದರು.

“ನೀಲಂಗೆ ಅಭ್ಯಾಸ ಐತೆ. ಸುಮ್ನಿರು.”

ಆಳೆತ್ತರದ ಗೋಡೆಯಾಚೆ ಅಡುಗೆಮನೆಯಲ್ಲಿ ಒರಳಿನ ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಅಭ್ಯಾಸ ಐತೆ! ಒಳ್ಳೆಯ ಮನುಷ್ಯರೆಂದು ಊರೆಲ್ಲ ಹೊಗಳುತ್ತಿದ್ದ ನನ್ನ ತಂದೆ ಆಡಿದ ಮಾತು ಇದು. ಬೆಟ್ಟ ಒಡೆಯುವವನಿಗೆ ಬಿಸಿಲು ಅಭ್ಯಾಸ, ಕತ್ತೆಗೆ ಮೂಟೆ ಅಭ್ಯಾಸ, ನೀಲತ್ತೆಗೆ ಅನ್ಯಾಯ ಅಭ್ಯಾಸ. ಅವತ್ತು ನಾನು ಕಿರುಚಬೇಕಿತ್ತು. ಪಡಸಾಲೆಯ ನಡುವೆ, ಇಂಗ್ಲಿಷು ಓದಿದ ಅದೇ ಜಾಗದಲ್ಲಿ, ನೆಟ್ಟಗೆ ನಿಂತು ಆ ಎರಡು ಸಾಲನ್ನು ಓದಬೇಕಿತ್ತು. ನಾನು ಮೂಗು ಒರೆಸಿಕೊಂಡು ಜೂನ್ ತಿಂಗಳ ಲೆಕ್ಕ ಹಾಕಿದೆ. ಮುಂದೆ ಡಿಗ್ರಿ ಬಂತು, ಟೀಚರ್ ಕೆಲಸ ಬಂತು. ಹೆಣ್ಣುಮಕ್ಕಳ ಬಗ್ಗೆ, ಮೂಢನಂಬಿಕೆಯ ಬಗ್ಗೆ ಎಷ್ಟೋ ಸ್ಟೇಜುಗಳ ಮೇಲೆ ನೀಲತ್ತೆಯ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಅಜ್ಜಿಯನ್ನು ಬೈದೆ, ಅಯ್ಯನವರನ್ನು ಬೈದೆ, ಅಪ್ಪಾಜಿಯನ್ನೂ ಬಿಡಲಿಲ್ಲ. ಒಂದು ಸಲವೂ ಡಬ್ಬಿಯ ವಿಷಯ ಹೇಳಲಿಲ್ಲ. ಬೈಗುಳದ ಪಟ್ಟಿಯಲ್ಲಿ ಮೊದಲ ಹೆಸರನ್ನೇ ಬಿಟ್ಟು ಓದುವುದು ನನಗೂ ಅಭ್ಯಾಸವಾಗಿತ್ತು.

ಅಪ್ಪಾಜಿಯ ‘ಒಸಿ ದಿನ’ ಎಂದೂ ಮುಗಿಯಲಿಲ್ಲ. ಕಲ್ಲು ಹಿತ್ತಿಲ ಗೋಡೆಗೆ ಒರಗಿಯೇ ಉಳಿಯಿತು, ಅದರ ಮೇಲೆ ಹಾವಸೆ ಬೆಳೆಯಿತು. ಗಫಾರ್ ಸಾಬರು ಎರಡು ಸಲ ಬಾಯಿ ಬಿಟ್ಟು ಕೇಳಿದರು, ನೀಲಮ್ಮೋರನ್ನ ಕರೀರಿ ಅಂತ. ಆಮೇಲೆ ಕೇಳುವುದನ್ನು ಬಿಟ್ಟು, ಒರಟು ಕಡ್ಡಿಗಳಿಂದಲೇ ಬುಗುರಿಗೆ ಬಣ್ಣ ಹಾಕುತ್ತ ತಮ್ಮಷ್ಟಕ್ಕೆ ಬೈದುಕೊಳ್ಳುತ್ತಿದ್ದರು.

ಜೂನ್ ಬಂತು. ಹಾಸ್ಟೆಲಿಗೆ ಹೊರಡುವ ಬೆಳಿಗ್ಗೆ ನೀಲತ್ತೆ ಹಿತ್ತಿಲ ಜಗಲಿಯಲ್ಲಿ, ಒಲೆ ಇದ್ದ ಜಾಗದಲ್ಲಿ, ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಎರಡು ಜಡೆ, ಬಿಳಿ ರಿಬ್ಬನ್, ಕಾನ್ವೆಂಟಿನ ರೂಲು. ನಡುವೆ ಸೆರಗಿನ ಗಂಟು ಬಿಚ್ಚಿ ನನ್ನ ಮಡಿಲಿಗೆ ಏನೋ ಹಾಕಿದಳು. ಮೊದಲ ಡಜನ್ನಿನ ಒಂದು ಮೀನು, ಬೆಳಗದ್ದು. ಬೆರಳು ಆಡಿಸಿದರೆ ಗಾಜಿನಷ್ಟು ನಯ. ಒಂದು ತರಿಯಿಲ್ಲ, ಒಂದು ಗೀರಿಲ್ಲ. ಅಂಥ ಕೆಲಸವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಅದು ಈಗಲೂ ನನ್ನ ಮೇಜಿನ ಮೇಲಿದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮಾತಾಡಿದಳು, ಎಂದಿನ ದನಿಯಲ್ಲಿ, ಬಾಚಣಿಗೆ ನಿಲ್ಲಿಸದೆ.

“ಚೆನ್ನಾಗ್ ಓದು ಪುಟ್ಟಿ. ಸಣ್ಣಕ್ಷರಾನೂವೆ.”

ತಿರುಗಿ ನೋಡಲು ಹೋದೆ. ಜಡೆ ಅವಳ ಕೈಯಲ್ಲಿತ್ತು. ಬಿಗಿಯಾಗಿ ಹಿಡಿದಿದ್ದಳು.